ಮೇಷ್ಟ್ರ ಸಣ್ಣ ಡ್ರಮ್ಮು

ಕ್ಲೋವಿಸ್ ನ್ಯೂಯಾರ್ಕಿನಿಂದ ಬರುತ್ತಾನಂತೆ ಎಂದು ಕೇಳಿದಾಗ ಮೇಷ್ಟ್ರು ಸತ್ತ ದುಃಖವೂ ನನಗೆ ಅರೆಗಳಿಗೆ ಮರೆತುಹೋಯಿತು. ಅವನನ್ನು ಕಂಡರೆ ನನಗೆ ಅಷ್ಟು ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಮಾಡಲಿ?

ನಾವಿಬ್ಬರೂ ಟ್ರೆಮೆ ಕೇರಿಯ ಒಂದೇ ಬೀದಿಯವರು. ಒನೆಸೀಮ್ ಮೇಷ್ಟ್ರ ಹಿತ್ತಿಲಲ್ಲಿ ಮುರುಕು ಕುರ್ಚಿಗಳ ಮೇಲೆ ಕಡ್ಡಿ ಬಡಿದು ಜಾಝ್ ಕಲಿತವರು. ನಾನು ತಾಳ ತಪ್ಪುತ್ತಿರಲಿಲ್ಲ. ಅವನು ಬೇಕೆಂದೇ ತಾಳದ ಹಿಂದೆ ಉಳಿದು, ಇನ್ನೇನು ಬಿದ್ದ ಎನ್ನುವಾಗ ಬಂದು ಸೇರಿಕೊಳ್ಳುತ್ತಿದ್ದ. ಮೇಷ್ಟ್ರು ನನ್ನನ್ನು 'ಗಡಿಯಾರ' ಎನ್ನುತ್ತಿದ್ದರು, ಅವನನ್ನು 'ನನ್ನ ಕೈ' ಎನ್ನುತ್ತಿದ್ದರು. ಗಡಿಯಾರ ಎನ್ನುವುದು ಹೊಗಳಿಕೆಯಲ್ಲ ಎಂದು ತಿಳಿಯಲು ನನಗೆ ಬಹಳ ಕಾಲವೇನೂ ಬೇಕಾಗಲಿಲ್ಲ.

ಅವನು ರೈಲು ಹತ್ತಿ ಹೋದ. ಹಾರ್ಲೆಮ್ಮಿನ ಕ್ಲಬ್ಬುಗಳಲ್ಲಿ ಬಾರಿಸಿದ, ರೆಕಾರ್ಡು ಕೊಟ್ಟ, ಪ್ಯಾರಿಸ್ಸಿಗೂ ಹೋಗಿಬಂದ, ಪತ್ರಿಕೆಯಲ್ಲಿ ಫೋಟೋ ಬಂತು. ನಾನು ವಾರವೆಲ್ಲ ಗೋಡೆಗಳಿಗೆ ಗಾರೆ ಬಳಿದು, ಭಾನುವಾರ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಹೊತ್ತೆ. ಮೇಷ್ಟ್ರು ಹಾಸಿಗೆ ಹಿಡಿದ ಮೇಲೆ ಅವರ ಗಡ್ಡ ಹೆರೆದವನು ನಾನು, ಗಂಬೋ ಸಾರು ಕುಡಿಸಿದವನು ನಾನು. ಬಾಯಿ ಒರೆಸಿದ ತಕ್ಷಣ ಅವರು ಕೇಳುತ್ತಿದ್ದುದು, "ನ್ಯೂಮಾ, ಕ್ಲೋವಿಸನ ರೆಕಾರ್ಡು ಹಾಕೋ." ಹಾಕಿ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿಗೂ ಕೇಳಿಸುತ್ತಿತ್ತು.

ನನಗೆ ಬೇಕಾಗಿದ್ದುದು ಒಂದೇ. ಮೇಷ್ಟ್ರ ಶವಯಾತ್ರೆಯಲ್ಲಿ ಅವರ ಸಣ್ಣ ಡ್ರಮ್ಮನ್ನು ನಾನು ಬಾರಿಸಬೇಕು. ಸ್ಮಶಾನಕ್ಕೆ ಹೋಗುವಾಗ ಆ ಡ್ರಮ್ಮಿನ ಅಡಿಯ ತಂತಿಗಳಿಗೆ ಕರವಸ್ತ್ರ ತುರುಕುತ್ತೇವೆ, ಸದ್ದು ಮಂಕಾಗುತ್ತದೆ. ಹೆಣದ ಗಾಡಿ ಗೇಟು ದಾಟಿದ ಮೇಲೆ ಕರವಸ್ತ್ರ ಕಿತ್ತು ಬೀದಿ ಅದುರುವಂತೆ ಬಾರಿಸಬೇಕು. ಹೋದವರು ಬಿಡುಗಡೆಯಾಗುವುದು ಆಗಲೇ, ಉಳಿದವರು ಕುಣಿಯುವುದೂ ಆಗಲೇ. ಮೇಷ್ಟ್ರನ್ನು ಕಳಿಸಿಕೊಡುವ ಹಕ್ಕು ಕೊನೆಗಾಲದಲ್ಲಿ ನೋಡಿಕೊಂಡವನದಲ್ಲದೆ ಇನ್ಯಾರದು?

ಮೇಷ್ಟ್ರ ಹೆಂಡತಿ ಯೂಲಾಲಿಯಮ್ಮ ನನ್ನ ಕೆನ್ನೆ ಸವರಿದರು. "ನೀನು ನಮ್ಮನೆ ಮಗ ಕಣೋ. ನಿಂಗೆ ಬೇಜಾರಿಲ್ಲ ಅಲ್ವಾ? ಸಣ್ಣ ಡ್ರಮ್ಮು ಕ್ಲೋವಿಸ್ ಬಾರಿಸ್ಲಿ. ಪಾಪ, ಅಷ್ಟು ದೂರದಿಂದ ಬರ್ತಿದಾನೆ."

"ಬೇಜಾರು ಯಾಕಮ್ಮ," ಎಂದೆ. ಮೈಯೆಲ್ಲ ಉರಿಯುತ್ತಿತ್ತು.

ಅವನು ಬಂದ. ನಮ್ಮ ಬ್ಯಾಂಡಿನ ಹಳೇ ಟೋಪಿ ಕೂಡ ಅವನ ತಲೆಗೆ ಒಪ್ಪುತ್ತಿತ್ತು. ಅದಕ್ಕೂ ಹೊಟ್ಟೆ ಉರಿಯಿತು.

"ಏನೋ ಗಡಿಯಾರ, ಸರಿಯಾಗಿ ನಡೀತಿದೀಯಾ?" ಎಂದು ತಬ್ಬಿಕೊಂಡ.

"ಕೀಲಿ ಕೊಡೋಕೆ ನೀನು ಬಂದ್ಯಲ್ಲ, ಇನ್ನೇನು," ಎಂದೆ.

ದಾರಿಯುದ್ದಕ್ಕೂ ಚೆನ್ನಾಗಿಯೇ ಬಾರಿಸಿದ. ಗೇಟಿನ ಬಳಿ ಬ್ಯಾಂಡಿನವರು ಎರಡು ಸಾಲಾಗಿ ಸರಿದು ದಾರಿ ಬಿಟ್ಟೆವು. ಗಾಡಿಯ ಹಿಂದೆ ಯೂಲಾಲಿಯಮ್ಮ ಮತ್ತು ಮನೆಯ ಹೆಂಗಸರು ಒಳಗೆ ಹೋದರು. ಹೊರಗೆ ಜನ ಕುಣಿಯಲು ಛತ್ರಿ ಬಿಚ್ಚಿ ಕಾದರು. ಕ್ಲೋವಿಸ್ ಕಡ್ಡಿ ಎತ್ತಿ ಬಾರಿಸಿದ. ಗೋಣಿಚೀಲ ಬಡಿದ ಹಾಗೆ ದಬ್ ದಬ್ ಎಂದಿತು. ಕರವಸ್ತ್ರ ತೆಗೆದೇ ಇರಲಿಲ್ಲ!

"ನ್ಯೂಯಾರ್ಕಲ್ಲಿ ಹೆಣಾನ ಹಿಂಗೇ ಕಳಿಸ್ತಾರೇನೋ?" ತುತ್ತೂರಿಯ ಆಲ್ಫೋನ್ಸ್ ಕೂಗಿದ. ಬೀದಿಯವರೆಲ್ಲ ನಕ್ಕರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕ್ಲೋವಿಸ್ ಬಗ್ಗಿ ಕರವಸ್ತ್ರಕ್ಕೆ ಕೈ ಹಾಕಿದ, ಎಳೆಯಲಿಲ್ಲ. "ಇದನ್ನ ತೆಗೆದ್ರೆ ಅವರು ಹೋಗ್ಬಿಡ್ತಾರೆ ಕಣೋ ನ್ಯೂಮಾ. ಬದುಕಿದ್ದಾಗ ಒಂದ್ಸಲ ನೋಡೋಕೂ ಬರ್ಲಿಲ್ಲ ನಾನು. ನನ್ನ ಕೈಲಾಗಲ್ಲ. ನೀನೇ ಬಾರಿಸು."

ಅಳುತ್ತಿದ್ದ. ನನ್ನ ಕಣ್ಣಲ್ಲಿ ಅವತ್ತಿನ ತನಕ ಒಂದು ಹನಿಯೂ ಬಂದಿರಲಿಲ್ಲ. ಆ ಅಳುವಿನ ಮೇಲೂ ನನಗೆ ಅಸೂಯೆಯಾಯಿತು.

ಡ್ರಮ್ಮು ಅದಲುಬದಲು ಮಾಡಿಕೊಂಡೆವು. ಕರವಸ್ತ್ರ ಕಿತ್ತು ಜೇಬಿಗೆ ತುರುಕಿ ಬಾರಿಸಿದೆ. ದೇವರಾಣೆ, ಜೀವಮಾನದಲ್ಲಿ ಹಾಗೆ ಬಾರಿಸಿರಲಿಲ್ಲ. ತಾಳದ ಹಿಂದೆ ಉಳಿದೆ, ಬಿದ್ದೆ ಎನ್ನುವಾಗ ಬಂದು ಸೇರಿದೆ. ನಗುತ್ತಿದ್ದವರು ಕುಣಿಯತೊಡಗಿದರು, ಮುದುಕರೂ ಕೋಲು ಎತ್ತಿ ಹಿಡಿದು ಕುಣಿದರು. ಹಿಂದೆ ಕ್ಲೋವಿಸ್ ಅಳುತ್ತಲೇ ನನ್ನ ದೊಡ್ಡ ಡ್ರಮ್ಮು ಬಾರಿಸುತ್ತಿದ್ದ. ಅದನ್ನೂ ನನಗಿಂತ ಚೆನ್ನಾಗಿಯೇ ಬಾರಿಸಿದ, ಹಾಳಾದವನು. ಆದರೆ ಮೇಷ್ಟ್ರನ್ನು ಕಳಿಸಿಕೊಟ್ಟವನು ನಾನು.

ಬ್ಯಾಂಡು ಬೀದಿಯಲ್ಲೇ ಉಳಿಯಿತು, ನಾವಿಬ್ಬರೂ ಮೇಷ್ಟ್ರ ಮನೆಗೆ ಹೋದೆವು. ಸ್ಮಶಾನದೊಳಕ್ಕೆ ಹೋಗಿದ್ದ ಹೆಂಗಸರು ಆಗಲೇ ಬಂದು ಕೆಂಪು ಕಾಳಿನ ಸಾರು, ಅನ್ನ ಬಡಿಸುತ್ತಿದ್ದರು. ಯೂಲಾಲಿಯಮ್ಮ ಎದ್ದು ಬಂದು ಕ್ಲೋವಿಸನ ಎರಡೂ ಕೈಗೆ ಮುತ್ತಿಟ್ಟರು.

"ಗೋರಿ ಹತ್ರ ನಿಂತಿದ್ದೆ ಮಗಾ. ಕೇಳಿದ ತಕ್ಷಣ ಗೊತ್ತಾಯ್ತು. ನೀನಲ್ದೆ ಇನ್ಯಾರು ಹಂಗೆ ಬಾರಿಸ್ತಾರೆ?"

ಸುಮ್ಮನಿರೋ ಕ್ಲೋವಿಸ್, ಸುಮ್ಮನಿದ್ದು ಕಳ್ಳನಾಗು ಎಂದು ಒಳಗೊಳಗೇ ಬೇಡಿಕೊಂಡೆ.

"ನಾನಲ್ಲಮ್ಮ," ಎಂದ ಅವನು. "ನ್ಯೂಮಾ ಬಾರಿಸಿದ್ದು. ನನ್ನ ಕೈಲಿ ಆಗ್ಲಿಲ್ಲ."

ಯೂಲಾಲಿಯಮ್ಮನ ಕಣ್ಣು ತುಂಬಿಬಂತು. ಹೆಂಗಸರ ಕಡೆ ತಿರುಗಿದರು. "ನೋಡ್ರೇ, ಎಂಥ ದೊಡ್ಡ ಮನಸ್ಸು ಇವನದು! ಗೆಳೆಯ ನೊಂದ್ಕೋಬಾರ್ದು ಅಂತ ತನ್ನ ಹೆಸರನ್ನೂ ಅವನಿಗೇ ಕೊಡ್ತಿದಾನೆ." ಆಮೇಲೆ ನನ್ನ ಬೆನ್ನು ಸವರಿದರು. "ನೀನು ಊಟ ಮಾಡೋ ನ್ಯೂಮಾ. ದೊಡ್ಡ ಡ್ರಮ್ಮು ಹೊತ್ತು ಭುಜ ನೋಯ್ತಿರ್ಬೇಕು."

"ಹೌದಮ್ಮ," ಎಂದು ತಟ್ಟೆ ತೆಗೆದುಕೊಂಡೆ.

ಅವನು ಸುಳ್ಳು ಹೇಳಿದ್ದರೆ ಎಂದೋ ಕ್ಷಮಿಸಿಬಿಡುತ್ತಿದ್ದೆ. ನಿಜ ಹೇಳಿದ್ದನ್ನು ಮಾತ್ರ ಇವತ್ತಿಗೂ ಕ್ಷಮಿಸಲಾಗಿಲ್ಲ.