ಎಡಗಾಲಿನ ಬಿಲ್

ಹಿಂಬದಿ ಖಾಲಿಯಿರುವ ಕಾಗದ ಕಂಡರೆ ಟೈಲರ್ ಮಾಸ್ತರರ ಕೈ ಸುಮ್ಮನಿರುತ್ತಿರಲಿಲ್ಲ. ಕರಪತ್ರವಾಗಲಿ, ಹಳೆಯ ಕ್ಯಾಲೆಂಡರ್ ಆಗಲಿ, ಕತ್ತರಿಸಿ ತೋಳಿನದೋ ಕಾಲರಿನದೋ ಅಳತೆಯ ಪ್ಯಾಟರ್ನ್ ಮಾಡಿ ಮೊಳೆಗೆ ನೇತುಹಾಕುವರು. ಮೂವತ್ತು ವರ್ಷ ಈ ಚಾಳಿಯಿಂದ ಯಾರಿಗೂ ನಷ್ಟವಾಗಿರಲಿಲ್ಲ. ಆ ಶುಕ್ರವಾರ ಆಯಿತು.

ಮಗಳು ಅಪ್ಪನ ತೆರಿಗೆ ರಿಟರ್ನನ್ನು ಕಂಪ್ಯೂಟರಿನಲ್ಲೇ ಸಲ್ಲಿಸಿ, ಅಮ್ಮನ ಎಡಮಂಡಿಯ ಆಪರೇಷನ್ ಖರ್ಚಿಗೆ ವಿನಾಯಿತಿ ಕೇಳಿದ್ದಳು. ಕಟ್ಟಿದ ತೆರಿಗೆ ವಾಪಸು ಬಂದರೆ ಬಲಮಂಡಿಗೂ ಆಪರೇಷನ್. ಬರದಿದ್ದರೆ ಅಮ್ಮ ಇನ್ನೊಂದು ವರ್ಷ ಗೋಡೆ ಹಿಡಿದೇ ನಡೆಯಬೇಕು.

"ಅಪ್ಪಾ, ತೆರಿಗೆ ಇಲಾಖೆಯ ನೋಟಿಸ್ ಬಂದಿದೆ, ಆಸ್ಪತ್ರೆ ಬಿಲ್ ಲಗತ್ತಿಸ್ಬೇಕಂತೆ. ಇವತ್ತು ಸಂಜೆ ಐದಕ್ಕೆ ಗಡುವು. ಎಲ್ಲಿಟ್ಟಿದ್ದೀಯ?"

ಮಾಸ್ತರರ ಕಣ್ಣು ತಾನಾಗಿ ಮೊಳೆಯತ್ತ ಹೋಯಿತು. ನಾಲ್ಕು ಹಾಳೆಯ ಬಿಲ್ ಉದ್ದಕ್ಕೆ ಅಂಟಿಕೊಂಡು, ಪಾಯಜಾಮದ ಒಂದು ಕಾಲಾಗಿ ಅಲ್ಲಿ ನೇತಾಡುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಊರಲ್ಲಿ ಕಾಗದಕ್ಕೆ ಬರ ಬಂದಿತ್ತೇನ್ರೀ?" ಎಂದು ಕೂತಲ್ಲಿಂದಲೇ ಶುರುವಿಟ್ಟುಕೊಂಡಳು ಹೆಂಡತಿ.

ಆಸ್ಪತ್ರೆಗೆ ಫೋನ್ ಮಾಡಿದರೆ ಇನ್ನೊಂದು ಪ್ರತಿಗೆ ಮೂರು ದಿನ ಎಂದರು. ಪುಣ್ಯಕ್ಕೆ ಮಾಸ್ತರರು ಒಂದು ಚೂರನ್ನೂ ಎಸೆಯುವ ಆಸಾಮಿಯಲ್ಲ. ಚಿಂದಿ ಚೀಲವನ್ನು ನೆಲಕ್ಕೆ ಸುರಿದರು. ಡಾಕ್ಟರ ಸಹಿ ಸಿಕ್ಕಿತು, ಆಸ್ಪತ್ರೆಯ ಮೊಹರು ಸಿಕ್ಕಿತು, ಒಟ್ಟು ಮೊತ್ತದ ತುಂಡು ಮಾತ್ರ ನಾಪತ್ತೆ. ನಾಲ್ಕೂವರೆಗೆ ಅದೂ ಸಿಕ್ಕಿತು. ಹೊಲಿಗೆ ಯಂತ್ರ ಅಲುಗಾಡದಂತೆ ಅದರ ಕಾಲಡಿಗೆ ಮಡಚಿ ಇಟ್ಟಿದ್ದರು.

"ಅದರ ಕುಂಟುಕಾಲಿಗೂ ನನ್ನ ಬಿಲ್ಲೇ ಬೇಕಿತ್ತಾ?"

ಗೋಂದು ಒಣಗುವಷ್ಟು ಹೊತ್ತಿರಲಿಲ್ಲ, ಹಾಗಾಗಿ ಮಾಸ್ತರರು ತುಂಡುಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು ಬಿಲ್ಲನ್ನು ಹೊಲಿದೇಬಿಟ್ಟರು. ಮಗಳು ಅದನ್ನು ಕತ್ತರಿಸುವ ಮೇಜಿನ ಮೇಲೆ ಹರಡಿ ಹಾಳೆ ಹಾಳೆಯಾಗಿ ಫೋಟೊ ತೆಗೆದಳು.

"ಎರಡೂ ಬದಿ ಲಗತ್ತಿಸಿ ಅಂತಿದೆ."

"ಹಿಂದುಗಡೆ ಏನಿಲ್ಲಮ್ಮಾ, ಬಿಡು," ಎಂದ ಮಾಸ್ತರರ ಕಿವಿ ಕೆಂಪಾಯಿತು.

ಮಗಳು ತಿರುಗಿಸಿದಳು. ನೀಲಿ ಪೆನ್ಸಿಲ್ಲಿನ ಬರಹವನ್ನು ಗಟ್ಟಿಯಾಗಿ ಓದಿದಳು: "ನಮ್ಮವಳ ಎಡಗಾಲು. ಕಟ್ಟಿನ ಮೇಲೆ ಎರಡಿಂಚು ಸಡಿಲ. ಮಂಡಿ ಹತ್ತಿರ ಹೊಲಿಗೆ ಬೇಡ, ಚುಚ್ಚುತ್ತದೆ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಪಾಪ."

ಹೆಂಡತಿಗೆ ಆ ದಿನ ನೆನಪಾಯಿತು. ಆಸ್ಪತ್ರೆಯಿಂದ ಬಂದ ಮರುದಿನ, ಯಾವ ಬಟ್ಟೆಯೂ ಆ ಬ್ಯಾಂಡೇಜ್ ಕಟ್ಟಿನ ಮೇಲೆ ಏರದೆ ಅವಳು ಅತ್ತಿದ್ದಳು. ಸಂಜೆಯೊಳಗೆ ಪಾಯಜಾಮ ಬಂದಿತ್ತು. ಯಾವ ಕಾಗದ ಕತ್ತರಿಸಿದಿರಿ ಎಂದು ಅವತ್ತು ಕೇಳಿರಲಿಲ್ಲ. ಈಗ ಕಣ್ಣು ತುಂಬಿತು.

ಐದಕ್ಕೆ ಮೂರು ನಿಮಿಷವಿರುವಾಗ ಎಂಟು ಫೋಟೊಗಳೂ, ಜೊತೆಗೆ 'ಪಾಪ'ವೂ, ತೆರಿಗೆ ಇಲಾಖೆಗೆ ಹೋದವು.

ಎರಡು ವಾರಕ್ಕೆ ಉತ್ತರ ಬಂತು. ವಿನಾಯಿತಿ ಮಂಜೂರಾಗಿದೆ, ಮೂಲ ಪ್ರತಿಯನ್ನು ಆರು ವರ್ಷ ಕಾಪಾಡಿಕೊಳ್ಳಿ.

ಮಾಸ್ತರರು ತಲೆ ಕೆರೆದುಕೊಂಡರು. "ಬಲಗಾಲಿಗೂ ಇದನ್ನೇ ಮಗುಚಿ ಹಾಕೋಣ ಅಂತಿದ್ದೆ."

ಮತ್ತೆ ಮೊಳೆಗೇರಿದ್ದ ಬಿಲ್ಲನ್ನು ಹೆಂಡತಿ ಬಿಡಿಸಿಕೊಂಡು ಮಡಚಿ ಮಡಿಲಲ್ಲಿಟ್ಟುಕೊಂಡಳು.

"ಇದನ್ನ ಮುಟ್ಟಿದ್ರೆ ನೋಡಿ ಮತ್ತೆ! ಬೇಕಾದ್ರೆ ಅಳತೆ ಹೊಸದಾಗಿ ತಗೊಳ್ಳಿ," ಎಂದು ಬಲಗಾಲನ್ನು ಚಾಚಿದಳು.