ಮೇಷ್ಟ್ರ ಡಬ್ಬಿಯ ಟೌಸಿ ಗಮ್ಮು

ಕಿಮಿಲಿಲಿ ಬಸ್‌ಸ್ಟ್ಯಾಂಡಿನ ದರ್ಜಿ ಸಿರೆಂಗೊನ ಬಾಯಲ್ಲಿ ದಿನಾ ಒಂದೇ ಪುರಾಣ. ಟೌಸಿ ಗಮ್ಮು, ಚಿಕ್ಕಂದಿನಲ್ಲಿ ಅಗಿಯುತ್ತಿದ್ದ ಚೂಯಿಂಗ್ ಗಮ್ಮು. ಕಾರ್ಖಾನೆ ಮುಚ್ಚಿ ಮೂವತ್ತೈದು ವರ್ಷವಾದರೂ ಅವನ ಬಾಯಿ ಮುಚ್ಚಿರಲಿಲ್ಲ.

"ಒಂದು ಹಾಕ್ಕೊಂಡ್ರೆ ನಾಲ್ಕು ದಿನ ರುಚಿ ಕಣ್ರೋ! ಮಲಗೋವಾಗ ಮಂಚಕ್ಕೆ ಅಂಟಿಸಿದ್ರೆ ಇರುವೆಗಳು ಮಂಚಾನೇ ಎಳ್ಕೊಂಡು ಹೋಗೋವು."

"ಸೋಪಿನ ಥರ ಇತ್ತು," ಅಂದ ಎದುರಂಗಡಿ ಕಟುಕ ವೆಕುಲೊ. ಇಬ್ಬರೂ ಒಂದೇ ಕ್ಲಾಸಿನವರು.

"ನಾನು ಅಗಿದ ಟೌಸೀನ ಇವತ್ತೂ ಕಣ್ಮುಚ್ಚಿ ಗುರುತು ಹಿಡೀತೀನಿ. ತಪ್ಪಿದ್ರೆ ಈ ಬಾಯಲ್ಲಿ ಅದರ ಹೆಸರೆತ್ತಲ್ಲ!"

ಪಕ್ಕದಲ್ಲಿ ಚಹಾ ಹೀರುತ್ತಿದ್ದ, ಇಬ್ಬರಿಗೂ ಪಾಠ ಹೇಳಿದ್ದ ಮುಖ್ವಾನ ಮೇಷ್ಟ್ರು ತಲೆ ಎತ್ತಿದರು. "ನಿಂದೊಂದು ನನ್ನ ಹತ್ರ ಇದೆಯಲ್ಲೋ."

ಹೌದು. ಮೇಷ್ಟ್ರು ಆಗ ಕ್ಲಾಸಲ್ಲಿ ಗಮ್ಮು ಅಗಿಯೋರ ಬಾಯಿಂದ ಉಗುಳಿಸಿ, ಕಾಗದದಲ್ಲಿ ಸುತ್ತಿ, ಹೆಸರು ಬರೆದು ಕೋಕೋ ಡಬ್ಬಿಗೆ ಹಾಕುತ್ತಿದ್ದರು. ಶಾಲೆ ಮೈದಾನದ ಹುಲ್ಲು ಕೊಯ್ದರೆ ವಾಪಸ್. ಸಿರೆಂಗೊ ಆರನೇ ಕ್ಲಾಸಲ್ಲಿ ಹುಲ್ಲು ಕೊಯ್ಯದೆ ಬೇಲಿ ಹಾರಿ ಓಡಿದ್ದ.

ಅವನ ಕಣ್ಣಲ್ಲಿ ನೀರು. "ಕೊಡಿ ಮೇಷ್ಟ್ರೇ!"

"ಹುಲ್ಲು?"

ಮರುದಿನ ಐವತ್ತೆರಡರ ಸಿರೆಂಗೊ ಹೊಟ್ಟೆ ಹೊತ್ತುಕೊಂಡು ಮಧ್ಯಾಹ್ನದವರೆಗೆ ಹುಲ್ಲು ಕೊಯ್ದ. ನೋಡಲು ಇಡೀ ಬಸ್‌ಸ್ಟ್ಯಾಂಡೇ ಮೈದಾನಕ್ಕೆ ಬಂದಿತ್ತು. ಎರಡು ಬಸ್ಸು ಡ್ರೈವರಿಲ್ಲದೆ ನಿಂತಿದ್ದವಂತೆ.

ಕಣ್ಮುಚ್ಚಿ ಬಾಯಿ ತೆರೆದ. ಮೇಷ್ಟ್ರು ಡಬ್ಬಿಯಿಂದ ಒಂದು ತೆಗೆದು ಹಾಕಿದರು. ಕಟಕ್! ಮುರಿದದ್ದು ಗಮ್ಮಲ್ಲ, ಹಲ್ಲು.

"ಆಹಾ!" ಅಂದ ಸಿರೆಂಗೊ, ಹಲ್ಲಿನ ಚೂರನ್ನೂ ಸೇರಿಸಿ ಅಗಿಯುತ್ತಾ. "ಇದೇ! ಅದೇ ಬಾಳೆಹಣ್ಣಿನ ಪರಿಮಳ! ನನ್ನ ಬಾಲ್ಯವೆಲ್ಲ ಇದರಲ್ಲಿದೆ! ಇದು ನಂದೇ!"

ಮೇಷ್ಟ್ರು ಕನ್ನಡಕ ಏರಿಸಿ ಅದನ್ನು ಸುತ್ತಿದ್ದ ಚೀಟಿ ಬಿಡಿಸಿದರು. "ವೆಕುಲೊ. ಆರನೇ ಕ್ಲಾಸು."

ಜನ ಹೊಟ್ಟೆ ಹಿಡಿದು ಕೂತರು. ವೆಕುಲೊ ಮಾತ್ರ ಬಹಳ ಕಾಳಜಿಯಿಂದ ಕೇಳಿದ, "ನಾನು ಸಕ್ಕರೆ ಏನಾದ್ರೂ ಉಳಿಸಿದ್ದೆನಾ, ಗೆಳೆಯಾ?"

ಸಿರೆಂಗೊ ಮೇಷ್ಟ್ರ ಮುಖ ನೋಡಿದ. ಆಗೆಲ್ಲ ದಿನಕ್ಕೆ ಹತ್ತು ಸಲ "ಉಗುಳೋ!" ಅಂತಿದ್ದವರು ಇವತ್ತು ಅಗಿಯಲು ಬಿಟ್ಟರು. ಚೀಟಿಯನ್ನು ನೀಟಾಗಿ ಮಡಚಿ ಡಬ್ಬಿಗೆ ಹಾಕಿದರು.

"ನೀನು ಕೊಯ್ದ ಹುಲ್ಲಿಗೆ ವೆಕುಲೊನ ಶಿಕ್ಷೆ ತೀರಿದ ಹಾಗಾಯ್ತು. ನಿಂದು ಬೇಕಾದ್ರೆ ಹಿಂದಿನ ಮೈದಾನ ಇದೆ."

ಮಾತು ಕೊಟ್ಟಾಗಿತ್ತು, ಟೌಸಿಯ ಹೆಸರೆತ್ತುವ ಹಾಗಿಲ್ಲ. ಸಿರೆಂಗೊ ತುಟಿ ಬಿಚ್ಚದೆ ಹುಲ್ಲು ಕೊಯ್ಯುವ ಕತ್ತಿ ಎತ್ತಿಕೊಂಡು ಹಿಂದಿನ ಮೈದಾನಕ್ಕೆ ನಡೆದ. ವೆಕುಲೊನದನ್ನು ಅಗಿಯುತ್ತಲೇ.