ಆಳುದ್ದದ ಕುಣಿ

ಮರಗಮ್ಮ ಕುಣಿಗೆ ಇಳಿದು ನಿಂತಳು. ಮೊಣಕಾಲೂ ಮುಚ್ಚಲಿಲ್ಲ.

"ಇಷ್ಟೇನು?" ಎಂದಳು.

ಅಗೆಯುತ್ತಿದ್ದ ನಾಲ್ವರೂ ಹಾರೆ ಊರಿ ನಿಂತರು. ಬೆಳಗಿನಿಂದ ಬೆವರು ಸುರಿಸಿ ಅವರು ತೆಗೆದದ್ದು ಅಷ್ಟೇ. ಮೈದುನ ಸಾಬಣ್ಣ ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. ಗಂಡನ ಹೆಣದ ತಲೆದೆಸೆಯಲ್ಲಿ ಕೂತು ಅಳಬೇಕಾದವಳು ಹೀಗೆ ಮಗನ ರಿಕ್ಷಾ ಹತ್ತಿ ಸುಡುಗಾಡಿಗೆ ಬಂದು ಕುಣಿಯ ಆಳ ನೋಡುವುದು ಯಾವ ಸೀಮೆಯ ರೀತಿ ಎಂದು ಅವನಿಗೆ ಸಿಟ್ಟು. ಆದರೆ ಮರಗಮ್ಮನ ಸಿಟ್ಟಿನ ಮುಂದೆ ಅವನದು ಯಾವ ಲೆಕ್ಕ?

"ಅತ್ತಿಗೀ, ಇದು ನೆಲ ಅಲ್ಲ, ಕಲ್ಲು. ಹಾರಿ ಹಾಕಿದ್ರ ಕಿಡಿ ಹಾರತಾವ. ಕೈ ನೋಡಿಲ್ಲಿ, ಬೊಬ್ಬಿ ಎದ್ದಾವ. ಮಲಗಿಸಿ ಮ್ಯಾಲ ನಾಕು ಬಂಡಿಗಲ್ಲು ಹೇರಿದ್ರ ಆತು. ಇಷ್ಟು ಸಾಕು."

"ಆ ಮಾತು ಆಡಬ್ಯಾಡ ನನ್ನ ಮುಂದ!"

ಅವಳು ಕಿರುಚಿದ ರಭಸಕ್ಕೆ ಗೋಡೆಯ ಮೇಲಿನ ಕಾಗೆಗಳು ಎದ್ದವು. ಮಗ ವಿಕಾಸ್ ರಿಕ್ಷಾದಿಂದ ಇಳಿದು ಬಂದ. ಮುಂಬಯಿ ಹತ್ತಿರದ ಕಲ್ಯಾಣದಲ್ಲೇ ಹುಟ್ಟಿ ಬೆಳೆದ ಹುಡುಗ, ತಾಯಿಯ ಯಾದಗಿರಿ ಮಾತೆಲ್ಲ ತಿಳಿಯುತ್ತದೆ, ತಿರುಗಿ ಆಡುವುದು ಮಾತ್ರ ಹಿಂದಿ.

"ಅವ್ವಾ, ಬೋಲಾ ಥಾ ನಾ? ಬಿಜಲಿವಾಲೆ ಮೇ ಲೇ ಜಾತೇ ಹೈ. ಏಕ್ ಘಂಟೇ ಮೇ ಸಬ್ ಹೋ ಜಾಯೇಗಾ."

"ನಮ್ಮೊಳಗ ಮಣ್ಣಿಗಿ ಕೊಡತಾರ. ಕರೆಂಟಿನ ಬೆಂಕಿಗಿ ಕೊಡಾಂಗಿಲ್ಲ. ನಿನಗ ಗಿರಾಕಿ ಕಾಯಾಕ ಹತ್ಯಾವೇನು? ಹೋಗು, ಓಡಿಸಿಕೋ ಹೋಗು."

ವಿಕಾಸನ ಮುಖ ಕೆಂಪಾಯಿತು. ನಿನ್ನೆ ಸಂಜೆ ಯಾರ್ಡಿನಲ್ಲಿ ಟ್ಯಾಂಕರಿಗೆ ನೀರು ತುಂಬಿಸುತ್ತಿದ್ದ ಅಪ್ಪ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಆಗಿನಿಂದ ಹುಡುಗ ಅತ್ತೂ ಇರಲಿಲ್ಲ, ಉಂಡೂ ಇರಲಿಲ್ಲ.

ನಿಜ ಹೇಳಬೇಕೆಂದರೆ ಆ ನೆಲ ಹುಟ್ಟಾ ಕಲ್ಲಲ್ಲ. ಶಹಾಡ್ ಸ್ಟೇಷನ್ನಿನ ಆಚೆ, ನದಿಯ ಕಡೆಗೆ, ಮಣ್ಣು ಹೊರಲು ಬಂದವರು ತಮ್ಮ ಹೆಣಗಳಿಗೆಂದು ಹಿಡಿದುಕೊಂಡ ತುಂಡು ಜಾಗ ಅದು. ಪಕ್ಕದಲ್ಲೇ ರಸ್ತೆ ಗುತ್ತಿಗೆದಾರ ಶೇಠನ ಯಾರ್ಡು, ಅವನ ಗಾಡಿಗಳು ನಿಲ್ಲುವ ಬಯಲು. ಯಾರ್ಡು ತುಂಬಿದಾಗ ಅವನ ಟಿಪ್ಪರುಗಳು ಇತ್ತ ಬಂದು ನಿಂತವು. ಮಳೆಗಾಲದಲ್ಲಿ ಗಾಲಿ ಹೂತುಕೊಂಡವೆಂದು ಕೆಡವಿದ ಬಿಲ್ಡಿಂಗುಗಳ ಕಾಂಕ್ರೀಟು ತಂದು ಹರಡಿ, ಮೇಲೆ ರೋಲರ್ ಉರುಳಿಸಿದರು. ಕೇಳುವವರಾರು? ಸತ್ತವರು ದೂರು ಕೊಡುವುದಿಲ್ಲ, ಇದ್ದವರು ಅದೇ ಶೇಠನ ಕೂಲಿಗಳು.

ಅಷ್ಟರಲ್ಲಿ ಯಾರ್ಡಿನ ಸೂಪರ್‌ವೈಸರ್ ದಯಾನಂದ ಕೈಯಲ್ಲೊಂದು ಹಾರ ಹಿಡಿದುಕೊಂಡು ಬಂದ. ಉಡುಪಿ ಕಡೆಯವನು, ಮೆತ್ತಗಿನ ಮಾತಿನವನು.

"ಮನೆಗೆ ಹೋಗಿದ್ದೆ ಮರಗಮ್ಮ, ನೀವು ಇಲ್ಲಿದ್ದೀರಿ ಅಂದ್ರು. ಶೇಠ್ ಹಾರ ಕಳಿಸಿದ್ದಾರೆ. ಅವರಿಗೂ ತುಂಬಾ ಬೇಜಾರಾಯ್ತಂತೆ ಮಾರಾಯ್ರೆ."

"ಹಾರ ಬ್ಯಾಡ. ಟ್ರ್ಯಾಕ್ಟರ್ ಕಳಸ್ರಿ, ನನ್ನ ಗಂಡ ಮೊದಲ ಹೊಡಿತಿದ್ದ ಟ್ರ್ಯಾಕ್ಟರ್. ನೆಲಾ ಸೀಳೂ ರಿಪ್ಪರ್ ಹಚ್ಚಿ."

ದಯಾನಂದ ನೆಲ ನೋಡಿದ. "ಶೇಠ್ ಘೋಡಬಂದರ್ ರಸ್ತೆ ಸೈಟಿನಲ್ಲಿದ್ದಾರೆ, ಫೋನ್ ಎತ್ತುವುದಿಲ್ಲ. ಕೇಳದೆ ನಾನು ಹೇಗೆ..."

"ನೆಲಾ ಗಟ್ಟಿ ಮಾಡುಮುಂದ ಯಾರನ್ನ ಕೇಳಿದ್ರಿ?" ಮರಗಮ್ಮ ಕುಣಿಯಿಂದ ಮೇಲೆ ಬಂದಳು. "ಕೇಳು ದಯಣ್ಣ. ಟ್ರ್ಯಾಕ್ಟರ್ ಬರಲಿಲ್ಲಂದ್ರ ನನ್ನ ಗಂಡನ್ನ ಹೊತ್ತು ತಂದು ನಿಮ್ಮ ಗೇಟಿಗಿ ಅಡ್ಡ ಮಲಗಸ್ತೀನಿ. ಟಿಪ್ಪರ್ ಅವನ ಮ್ಯಾಲ ಹಾಯಿಸಿಕೊಂಡು ಹೋಗ್ರಿ. ಸತ್ತವರ ಮ್ಯಾಲ ಗಾಲಿ ಹಾಯಿಸೂದು ನಿಮಗೇನು ಹೊಸಾದಲ್ಲ."

ಅವಳು ಹೇಳಿದ್ದನ್ನು ಮಾಡುವವಳೆಂದು ದಯಾನಂದನಿಗೆ ಗೊತ್ತಿತ್ತು. ಹಾರವನ್ನು ಸಾಬಣ್ಣನ ಕೈಗೆ ತುರುಕಿ ಯಾರ್ಡಿನ ಕಡೆ ನಡೆದ.

*

ವಿಕಾಸ್ ಹುಟ್ಟುವ ಮೊದಲು ಅವಳಿಗೊಂದು ಹೆಣ್ಣು ಕೂಸಿತ್ತು. ತೆವಳಲು ಕಲಿತಿತ್ತಷ್ಟೇ, ಜ್ವರ ಬಂದು ಹೋಯಿತು. ಇದೇ ಜಾಗಕ್ಕೆ ತಂದರು. ಆಗ ನೆಲ ಮೆತ್ತಗಿತ್ತು. ಎಷ್ಟು ಬೇಕಾದರೂ ಅಗೆಯಬಹುದಿತ್ತು. ಆದರೆ ಗಂಡ ಮಾನಪ್ಪನಿಗೆ ಪಾಳಿಗೆ ಹೊತ್ತಾಗಿತ್ತು. ಕೂಲಿಗಳನ್ನು ದುಡಿಸುವ ಮುಕಾದಮ ಗೋಡೆಯಾಚೆಯಿಂದ ಎರಡು ಸಲ ಕೂಗಿದ್ದ. ಮೊಣಕಾಲುದ್ದ ಆಗುತ್ತಲೇ ಮಾನಪ್ಪ ಗುದ್ದಲಿ ಬಿಸಾಕಿದ.

"ಸಾಕು ಬಿಡು," ಅಂದ. "ಕೂಸು ಎಷ್ಟು ದೊಡ್ಡದೈತಿ?"

ಮರುದಿನ ಬೆಳಿಗ್ಗೆ ಹಾಲಿಗೆ ಹೋದ ಮರಗಮ್ಮನಿಗೆ ಅಂಗಡಿಯ ಮುಂದೆ ಕೂಸಿನ ತಲೆಗೆ ತೊಡಿಸಿ ಹೂಳಿದ್ದ ಹಳದಿ ಕುಲಾಯಿ ಕಂಡಿತು. ಒಂದು ನಾಯಿ ಅದನ್ನು ಮುಂಗಾಲಿನಲ್ಲಿ ಒತ್ತಿ ಹಿಡಿದು ಎಳೆಯುತ್ತಿತ್ತು.

ಅವಳು ಗಂಡನನ್ನು ಬಿಟ್ಟು ಹೋಗಲಿಲ್ಲ. ಹೋಗುವುದೆಲ್ಲಿಗೆ? ಅಡುಗೆ ಮಾಡಿದಳು, ವಿಕಾಸನನ್ನು ಹೆತ್ತಳು, ಗಂಡನ ಜೊತೆಗೇ ಸೈಟಿನಲ್ಲಿ ಕಲ್ಲು ಆರಿಸಿದಳು. ಕ್ಷಮಿಸಲಿಲ್ಲ, ಅಷ್ಟೇ. ಮಾನಪ್ಪನೂ ಕೇಳಲಿಲ್ಲ. ಆದರೆ ಅಂದಿನಿಂದ ಅವನ ಬಾಯಲ್ಲಿ 'ಸಾಕು' ಎಂಬ ಮಾತು ಬರಲಿಲ್ಲ. ಹೊಟ್ಟೆ ತುಂಬಿದರೆ ಅಂಗೈ ಬಿಚ್ಚಿ ಗಂಗಾಳದ ಮೇಲೆ ಅಡ್ಡ ಹಿಡಿಯುತ್ತಿದ್ದ. ಒಮ್ಮೆ ಸಿಟ್ಟು ನೆತ್ತಿಗೇರಿ ಅವಳು ಆ ಕೈಮೇಲೆಯೇ ಬಿಸಿ ಸಾರು ಸುರಿದಿದ್ದಳು. ಅವನು ಕೈ ತೆಗೆಯಲಿಲ್ಲ.

ಕೆಲಸದಲ್ಲೂ ಅವನಿಗೊಂದು ಹುಚ್ಚು ಹಿಡಿಯಿತು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ರಿಪ್ಪರಿಗೆ ಕೊಕ್ಕೆಯಂಥ ಒಂದು ಕಬ್ಬಿಣದ ಹಲ್ಲು, ಅದು ನಿಲ್ಲಲು ಒಂದರ ಕೆಳಗೊಂದು ಮೂರು ಪಟ್ಟು, ಅಂದರೆ ಹಂತ. ಹಲ್ಲು ಎಷ್ಟು ಕೆಳಗಿಳಿಯಬೇಕೋ ಅಷ್ಟು ಇಳಿಸಿ ಪಿನ್ನು ಜಡಿಯುವುದು. ರಸ್ತೆಗೆ ಗೇಣುದ್ದ ಕೆದರಿದರೆ ಸಾಲುವಲ್ಲಿಯೂ ಮಾನಪ್ಪ ಹಲ್ಲನ್ನು ಕೊನೆಯ ಪಟ್ಟಿಗೇ ಇಳಿಸುತ್ತಿದ್ದ. ಇಂಜಿನ್ನು ಅರಚುತ್ತಿತ್ತು, ಡೀಸೆಲ್ ಕುಡಿಯುತ್ತಿತ್ತು, ಎರಡು ಸಲ ಹಲ್ಲೂ ಮುರಿಯಿತು. ದಯಾನಂದನೇ ಹೋಗಿ ಶೇಠನ ಕಿವಿಗೆ ಹಾಕಿದ. ಶೇಠ ಎಲ್ಲರ ಮುಂದೆ ಉಗಿದು, ಟ್ರ್ಯಾಕ್ಟರಿನಿಂದ ಇಳಿಸಿ ನೀರಿನ ಟ್ಯಾಂಕರಿಗೆ ಹಾಕಿದ. ಇನ್ನು ಮೇಲೆ ಕೊನೆಯ ಪಟ್ಟು ಯಾರೂ ಮುಟ್ಟಕೂಡದೆಂದು ಹುಕುಂ ಆಯಿತು.

"ಬುದ್ಧಿಗೇಡಿ. ಯಾರದೋ ರಸ್ತಿ ಇಷ್ಟು ಆಳ ಅಗದ್ರ ಈಗ ಏನು ಬಂತು?" ಎಂದು ಮರಗಮ್ಮ ಆ ದಿನ ಬೈದಿದ್ದಳು. 

*

ಟ್ರ್ಯಾಕ್ಟರ್ ಬಂತು. ಡ್ರೈವರನನ್ನು ಕರೆದರೆ ಮಾತು ಶೇಠನವರೆಗೆ ಹೋಗುತ್ತದೆಂದು ದಯಾನಂದನೇ ಓಡಿಸಿಕೊಂಡು ಬಂದಿದ್ದ. ಕುಣಿಯ ಆಚೆಗೊಂದು ಈಚೆಗೊಂದು ಗಾಲಿ ಬರುವಂತೆ ನಿಲ್ಲಿಸಿ, ನಡುವೆ ಹಲ್ಲು ಇಳಿಸಿ ಎಳೆದ. ಕರ್ ಎಂದು ಸದ್ದಾಯಿತು. ಕುಣಿಯ ತಳದಲ್ಲಿ ಸುಣ್ಣದ ಕಡ್ಡಿಯಿಂದ ಗೀಚಿದಷ್ಟು ಬಿಳಿ ಗೆರೆ ಬಿತ್ತು.

"ನೋಡಿ, ಆಗುವುದಿಲ್ಲ," ಎಂದ ದಯಾನಂದ. ಅವನ ದನಿಯಲ್ಲಿ ಸ್ವಲ್ಪ ಸಮಾಧಾನವೂ ಇತ್ತು.

"ಮ್ಯಾಲಿನ ಪಟ್ಟಿನಾಗ ಐತಿ. ಕೆಳಗಿನದಕ್ಕ ಹಾಕ್ರಿ."

"ಅದು ಮಾತ್ರ ಬೇಡ. ಹಲ್ಲು ಹೋದ್ರೆ ನನ್ನ ಕೆಲಸವೂ ಹೋಯ್ತು. ನನಗೂ ಸಂಸಾರ ಉಂಟು ಮಾರಾಯ್ರೆ."

ಮರಗಮ್ಮ ಟ್ರ್ಯಾಕ್ಟರಿನ ಬಳಿಗೆ ನಡೆದಳು. ಸೀಟಿನ ಕೆಳಗೆ ಕೈಹಾಕಿ ಸುತ್ತಿಗೆ ತೆಗೆದಳು. ಮಾನಪ್ಪ ಅದನ್ನು ಇಡುತ್ತಿದ್ದ ಜಾಗ ಬದಲಾಗಿರಲಿಲ್ಲ. ಅವನನ್ನು ಟ್ರ್ಯಾಕ್ಟರಿನಿಂದ ಇಳಿಸಿದ ಮೇಲೆ ಅಲುಗದ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅವಳು ಹೊಡೆದಳು. ಶೇಠನಿಗೊಂದು, ರೋಲರಿಗೊಂದು, ಮುಕಾದಮನಿಗೊಂದು. ಆಮೇಲೆ ಮಾನಪ್ಪನ ಹೆಸರು ಹಿಡಿದೇ ಹೊಡೆದಳು.

"ಅವತ್ತ ಇನ್ನೊಂದು ಮೊಳ ಅಗದಿದ್ದರ ನಿನ್ನ ಗಂಟೇನು ಹೋಗತಿತ್ತೋ, ಮಾನ್ಯಾ? ಮುಕಾದಮ ಏನು ನಿನ್ನ ತಿಂತಿದ್ನೇನು?"

ಸೆರಗು ಜಾರಿತು, ಬಳೆ ಒಡೆದವು. ಸಂಜೆ ಶಾಸ್ತ್ರಕ್ಕೆ ಒಡೆಯಬೇಕಾಗಿದ್ದ ಬಳೆಗಳು. ಯಾರೂ ಹತ್ತಿರ ಹೋಗಲಿಲ್ಲ. ಪಿನ್ನು ಕಳಚಿತು, ಹಲ್ಲು ಧಡಕ್ಕನೆ ಕೆಳಗಿಳಿದು ಕುಣಿಯ ತಳಕ್ಕೆ ಕುಕ್ಕಿತು. ಸಾಬಣ್ಣ ಓಡಿಬಂದು ಹಾರೆ ಕೊಟ್ಟು ಅದನ್ನೆತ್ತಿ ಪಟ್ಟಿಗೆ ಕೂಡಿಸಿದ. ಅವಳು ಪಿನ್ನು ಜಡಿದಳು.

ದಯಾನಂದ ಟ್ರ್ಯಾಕ್ಟರಿನ ಹಿಂದಕ್ಕೆ ಬಂದ. ಆಮೇಲೆ ಯಾರೂ ಹೇಳದೆಯೇ ಬಗ್ಗಿ ರಿಪ್ಪರನ್ನು ಹಿಡಿದ ಮೇಲಿನ ರಾಡನ್ನು ತಿರುವಿ ಗಿಡ್ಡ ಮಾಡಿದ. ಹಲ್ಲಿನ ಮೂತಿ ಇನ್ನಷ್ಟು ನೆಲದ ಕಡೆ ಬಾಗಿತು.

"ಮುಂದಿನ ಗಾಲಿ ಮೇಲೇಳುತ್ತದೆ. ಯಾರಾದ್ರೂ ಮುಂದೆ ಭಾರಕ್ಕೆ ಕೂತ್ಕೊಳ್ಳಿ," ಎಂದ.

ವಿಕಾಸ್ ಹೋಗಿ ಬಂಪರಿನ ಮೇಲೆ ಕೂತ.

ಇಂಜಿನ್ನು ಅರಚಿತು. ಕರಿಹೊಗೆ ಎದ್ದಿತು. ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿದವು, ಮುಂದಿನವು ಗೇಣುದ್ದ ಎದ್ದವು. ವಿಕಾಸ್ ಬಾನೆಟ್ ತಬ್ಬಿಕೊಂಡು ಕಣ್ಣು ಮುಚ್ಚಿದ. ಎಷ್ಟೋ ಹೊತ್ತು ಹಲ್ಲು ಮುರಿಯುತ್ತದೋ ನೆಲ ಮುರಿಯುತ್ತದೋ ತಿಳಿಯಲಿಲ್ಲ. ಒಮ್ಮೆಗೇ ಏನೋ ಸಿಡಿಯಿತು. ಟ್ರ್ಯಾಕ್ಟರ್ ಮುಂದಕ್ಕೆ ಮುಗ್ಗರಿಸಿತು, ಕುಣಿಯ ತಳದ ಕಾಂಕ್ರೀಟು ಬಾಗಿಲಗಲದ ಹೆಂಟೆಗಳಾಗಿ ಎದ್ದು ನಿಂತಿತು. ಅದರ ಕೆಳಗೆ ಕಪ್ಪು ಮಣ್ಣು, ಹಸಿಹಸಿ.

ವಿಕಾಸ್ ಬಂಪರಿನಿಂದ ಜಿಗಿದು ಕುಣಿಗೆ ಇಳಿದ. ಒಡೆದ ಚೂರುಗಳನ್ನು ಎತ್ತಿ ಎಸೆಯುತ್ತ ಎಸೆಯುತ್ತ ಅಳತೊಡಗಿದ. ಸಾಬಣ್ಣ ಬಾಯಿ ತುಂಬ "ಬಾ ಮಗನ, ಹಾರಿ ಹಿಡಿ" ಅಂದ.

ಹೊತ್ತು ಇಳಿಯುವಾಗ ಮಾನಪ್ಪನನ್ನು ತಂದರು. ಹಲಗೆ ಬಾರಿಸುತ್ತಿದ್ದವರು ಕುಣಿ ನೋಡಿ ಕೈ ನಿಲ್ಲಿಸಿದರು. ಅಂಥ ಕುಣಿ ಆ ಜಾಗದಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

"ತಡೀರಿ," ಎಂದಳು ಮರಗಮ್ಮ.

ಮಗನ ಕೈ ಹಿಡಿದು ಇಳಿದಳು. ಅವಳ ಸೊಂಟ ಮರೆಯಾಯಿತು, ಹೆಗಲು ಮರೆಯಾಯಿತು, ಹೆರಳು ಬಿಚ್ಚಿದ ತಲೆಯೂ ಮರೆಯಾಯಿತು. ಮೇಲೆ ಗಂಡ ಕಾಯುತ್ತಿದ್ದ.

ಸಾಬಣ್ಣ ಅಂಚಿಗೆ ಬಂದು ಬಗ್ಗಿದ. "ಅತ್ತಿಗೀ, ಇನ್ನೂ ಅಗೀಬೇಕೇನು?"

 ಒಳಗಿನಿಂದ ಒಂದು ಕೈ ಮೇಲೆ ಬಂತು. ಮೊಣಕೈವರೆಗೂ ತುಕ್ಕು, ಕಪ್ಪು ಮಣ್ಣು, ಬಳೆ ಚುಚ್ಚಿದ ರಕ್ತ. ಅಂಗೈ ಬಿಚ್ಚಿಕೊಂಡು, ಮಾನಪ್ಪ ಗಂಗಾಳದ ಮೇಲೆ ಹಿಡಿಯುತ್ತಿದ್ದಂತೆ, ಕುಣಿಯ ಬಾಯಿಗೆ ಅಡ್ಡವಾಗಿ ಆ ಕೈ ನಿಂತಿತು.